ಹಿತ್ತಿಲಿನ ಕಾಲುಸಂಕದ ಮೇಲೆ ಯಾರೆಲ್ಲ!

ಬರ್ಕ! ನಮ್ಮ ಹಿತ್ತಿಲಿನಲ್ಲಿ ಬರ್ಕ! ದಟ್ಟ ಕಾಡಿನ ನಡುವೆ ಅಲ್ಲ, ಅಭಯಾರಣ್ಯದಲ್ಲಲ್ಲ, ಪಾತ್ರೆ ತೊಳೆಯುವ ಕಟ್ಟೆಯಿಂದ ಒಂದು ಕೂಗಳತೆಯೂ ಇಲ್ಲದ ಹಲಸಿನ ಮರದ ಬುಡದಲ್ಲಿ, ಹಗಲೆಲ್ಲ ನಾವು ಚಪ್ಪಲಿ ಸವೆಸುವ ದಾರಿಯಲ್ಲೇ, ಒಂದಡಿ ಎತ್ತರಕ್ಕೂ ತುಸು ಕಡಿಮೆಯ ಆ ಜೀವ ಮುಂಗಾಲೊಂದನ್ನು ಎತ್ತಿ ಹಿಡಿದು ನಿಂತಿದೆ. ಪೆನ್ಸಿಲ್‌ನಷ್ಟು ಸಪೂರ ಕಾಲು. ಮೈಮೇಲೆ ಸಾಲುಸಾಲಾಗಿ ಬಿಳಿ ಚುಕ್ಕೆ, ಗಂಟಲಲ್ಲಿ ಬಿಳಿ ಗೆರೆ. ಮುಖದ ಅರ್ಧವನ್ನು ನುಂಗಿದಂತಿರುವ ಕಣ್ಣು. ಕಪ್ಪುಬಿಳುಪಿನ ಮಸುಕು ಚಿತ್ರ ಅದು, ಮೂಲೆಯಲ್ಲಿ ಬಾಳೆ ಎಲೆಯೊಂದು ಅರ್ಧ ಅಡ್ಡ ಬಂದಿದೆ. ಆದರೂ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ನಾನು ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕೂಗಿದೆ.

ಬರ್ಕವನ್ನು ಕರಾವಳಿಯವರು ಬರಿಂಕ ಎನ್ನುತ್ತಾರೆ. ನೋಡಲು ಜಿಂಕೆಯ ಗೊಂಬೆಯ ಹಾಗಿದ್ದರೂ ಅದು ಜಿಂಕೆಯ ಕುಲದ್ದಲ್ಲ, ಅದರದ್ದೇ ಬೇರೆ ಕುಟುಂಬ. ಗಂಡಿಗೂ ಕೊಂಬಿಲ್ಲ. ಅದರ ಬದಲು ಮೇಲ್ದವಡೆಯಿಂದ ಇಳಿಬಿದ್ದ ಪುಟ್ಟ ಕೋರೆಹಲ್ಲು! ಮೂರು ಕಿಲೋದ ಆಸುಪಾಸು ತೂಗುವ ಈ ಪ್ರಾಣಿಯ ವಂಶ ಮೂರು ಕೋಟಿ ವರ್ಷಕ್ಕೂ ಹಿಂದಿನದು. ಕೊಂಬು ಹೊತ್ತ ಜಿಂಕೆ, ಕಡವೆಗಳು ಭೂಮಿಯ ಮೇಲೆ ಕಾಲಿಡುವ ಮೊದಲೇ ಬರ್ಕದ ಪೂರ್ವಜರು ಎಲೆ ಮರೆಯಲ್ಲಿ ಹೀಗೇ ಮುಂಗಾಲೆತ್ತಿ ನಿಂತಿದ್ದರು. ಅಷ್ಟು ಹಳೆಯದೊಂದು ಜೀವ ರಾತ್ರಿ ನಾವು ಹೊದ್ದು ಮಲಗಿದ ಮೇಲೆ ಬಂದು, ಕೆಳಗೆ ಬಿದ್ದ ಹಲಸಿನ ತೊಳೆ ತಿಂದು ಹೋಗುತ್ತಿದೆ. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಕಣ್ಣಾರೆ ಕಂಡದ್ದೇ ಇಲ್ಲ!

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಊರು. ಮನೆಯ ಹಿಂದೆ ಬಚ್ಚಲು, ಕೊಟ್ಟಿಗೆ, ಗೊಬ್ಬರಗುಂಡಿ, ಬಾಳೆಯ ಹಿಂಡು, ಹಲಸು. ಅಲ್ಲಿಂದ ನೆಲ ತಗ್ಗಿ ಅಡಿಕೆ ತೋಟಕ್ಕಿಳಿಯುತ್ತದೆ. ತೋಟದ ಅಂಚಿಗೆ ಹಳ್ಳ. ಹಳ್ಳದ ಆಚೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು, ದರಕು ತರಲು ತಲೆಮಾರುಗಳಿಂದ ಬಳಸಿಕೊಂಡು ಬಂದ ಕಾಡು. ಅದರಾಚೆಗೆ ನಿಜವಾದ ಕಾಡು. ಹೀಗೆ ನೋಡಿದರೆ ಕಾಡಿಗೂ ಅಡುಗೆಮನೆಗೂ ನಡುವೆ ಒಂದು ಗೋಡೆ ಎಂಬುದೇ ನಮ್ಮಲ್ಲಿಲ್ಲ. ಹಂತಹಂತವಾಗಿ ಕಾಡು ತೆಳುವಾಗುತ್ತ ಬಂದು ಬಚ್ಚಲ ಬಾಗಿಲಿಗೆ ನಿಲ್ಲುತ್ತದೆ. ಇದು ನನಗೆ ಗೊತ್ತಿದ್ದ ಸಂಗತಿ. ಆದರೆ ಆ ಮೆಟ್ಟಿಲುಗಳನ್ನು ಹತ್ತಿ ಬರುವವರು ಯಾರು, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ? ಅದನ್ನು ತೋರಿಸಿಕೊಟ್ಟದ್ದು ಒಂದು ಕ್ಯಾಮೆರಾ ಟ್ರ್ಯಾಪ್.

ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ, ಹೊರಗೆ ಕಾಡಿನ ಬಣ್ಣ. ಒಳಗೆ ಪೆನ್ಸಿಲ್ ಸೆಲ್ಲುಗಳು, ಒಂದು ಮೆಮೊರಿ ಕಾರ್ಡು. ಮರಕ್ಕೆ ಪಟ್ಟಿ ಕಟ್ಟಿ ಬಿಟ್ಟರಾಯಿತು. ಅದರ ಸೆನ್ಸರ್ ಬೆಳಕನ್ನು ನೋಡುವುದಿಲ್ಲ, ಬಿಸಿಯನ್ನು ನೋಡುತ್ತದೆ! ಬಿಸಿರಕ್ತದ ಮೈಯೊಂದು ತಂಪು ಹಿನ್ನೆಲೆಯ ಮುಂದೆ ಸರಿದರೆ ಆ ವ್ಯತ್ಯಾಸ ಹಿಡಿದು ಕಣ್ಣು ತೆರೆಯುತ್ತದೆ. ಕತ್ತಲಲ್ಲಿ ನಮಗೆ ಕಾಣದ ಅವಗೆಂಪು ಬೆಳಕು ಚೆಲ್ಲಿ ಚಿತ್ರ ತೆಗೆಯುತ್ತದೆ. ಕಣ್ಣು ಕೋರೈಸುವ ಫ್ಲ್ಯಾಶ್ ಇಲ್ಲ, ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಇದಕ್ಕೆ ತಲೆಕೆಡುತ್ತದೆ. ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ಅಲ್ಲಾಡಿದರೂ ಯಾವುದೋ ಪ್ರಾಣಿ ಬಂತೆಂದು ಬಗೆದು ಚಿತ್ರದ ಮೇಲೆ ಚಿತ್ರ ತೆಗೆಯುತ್ತದೆ. ಮಳೆಗಾಲದಲ್ಲಿ ಮಸೂರಕ್ಕೆ ಹಬೆ ಕೂರುತ್ತದೆ, ಡಬ್ಬಿಯ ಸಂದಿಯಲ್ಲಿ ಇರುವೆಗಳು ಸಂಸಾರ ಹೂಡುತ್ತವೆ. ಕಾರ್ಡಿನ ನೂರಾರು ಚಿತ್ರಗಳಲ್ಲಿ ಎಲೆ, ಎಲೆ, ನಮ್ಮನೆ ನಾಯಿ, ಎಲೆ, ಹುಲ್ಲಿನ ಹೊರೆ ಹೊತ್ತ ಅಮ್ಮ, ಮತ್ತೆ ಎಲೆ. ಇದ್ದಕ್ಕಿದ್ದಂತೆ ಎರಡು ಹೊಳೆವ ಕಣ್ಣು! ಉಸಿರು ನಿಲ್ಲುವುದು ಅಲ್ಲೇ.

ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದು ನಿಜವಾಗಿ ಹೇಳಿಕೊಟ್ಟವರು ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು. ಮರದಿಂದ ಮರಕ್ಕೆ ಅದನ್ನು ಹೊತ್ತು ತಿರುಗುತ್ತಿದ್ದ ನನ್ನನ್ನು ನೋಡಿ, “ಅಲ್ಲೆಲ್ಲ ಬ್ಯಾಡ, ಸಂಕದ ತಲೆಗೆ ಕಟ್ರಿ. ದಾಟೋಕೆ ಅವಕ್ಕೂ ಅದೇ ಅಲ್ಲವಾ” ಎಂದರು. ಹಳ್ಳಕ್ಕೆ ನಾವು ಹಾಕಿಕೊಂಡ ಕಾಲುಸಂಕ ಅದು. ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಬಳ್ಳಿಯಲ್ಲಿ ಬಿಗಿದದ್ದು. ಪ್ರತಿ ಮಳೆಗಾಲದ ಮುಂಚೆ ಹೊಸದಾಗಿ ಕಟ್ಟುವುದು. ನಮ್ಮ ಕಾಲಿಗೆಂದು ಕಟ್ಟಿದ ಸಂಕ.

ಮುಂದಿನದನ್ನು ಹೇಗೆ ಹೇಳಲಿ! ಕತ್ತಲಾಗುತ್ತಲೇ ಮೊದಲು ಬಂದದ್ದು ಪುನುಗಿನ ಬೆಕ್ಕು. ಮೈಯುದ್ದಕ್ಕೂ ಗೆರೆ, ಚುಕ್ಕೆ, ಬಾಲಕ್ಕೆ ಉಂಗುರ ತೊಡಿಸಿದಂತೆ ಕಪ್ಪು ಪಟ್ಟಿ. ಮೂಗನ್ನು ಸಂಕಕ್ಕೆ ತಾಗಿಸಿಕೊಂಡೇ ದಾಟುತ್ತದೆ, ಯಾರು ಮೊದಲು ಹೋದರೆಂದು ಓದುತ್ತಿರುವ ಹಾಗೆ. ತಿರುಪತಿ ತಿಮ್ಮಪ್ಪನ ಅಭಿಷೇಕದಲ್ಲಿ ಬಳಸುವ ಪುನುಗು ಇದರದ್ದೇ ಗ್ರಂಥಿಯ ಸುಗಂಧ. ಇದಾದ ಮೇಲೆ ಕಬ್ಬೆಕ್ಕು, ಮುಖಕ್ಕೆ ಕಪ್ಪು ಮುಸುಕು ಕಟ್ಟಿಕೊಂಡಂಥ ಚಹರೆ, ಉದ್ದ ಬಾಲ. ಆಮೇಲೆ, ನಡುರಾತ್ರಿ ಕಳೆದು, ಮೈಯೆಲ್ಲ ಒಂದೇ ಬಣ್ಣದ, ಕುತ್ತಿಗೆಯ ಕೂದಲು ಹಿಂದಕ್ಕೆ ಬಾಗದೆ ತಲೆಯತ್ತಲೇ ತಿರುಗಿದಂತಿದ್ದ ಮತ್ತೊಂದು. ಇದನ್ನು ಕಂಡು ನನ್ನ ಕೈ ನಡುಗಿತು. ಕಂದು ಪುನುಗು! ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಇನ್ನೆಲ್ಲಿಯೂ ಇಲ್ಲದ ಪ್ರಾಣಿ. ತಮಿಳುನಾಡಿನ ತುದಿಯ ಕಳಕ್ಕಾಡಿನಿಂದ ನಮ್ಮ ಜೋಯಿಡಾದ ಕ್ಯಾಸಲ್‌ರಾಕ್ ತನಕ, ಬೆಟ್ಟಸಾಲಿನ ನೆರಳಿನಲ್ಲಷ್ಟೇ ಅದರ ಬದುಕು.

ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಪಾಳಿ ಬದಲು. ಪಟ್ಟೆಕತ್ತಿನ ಮುಂಗುಸಿ ಬರುತ್ತದೆ. ಏಷ್ಯಾದ ಮುಂಗುಸಿಗಳಲ್ಲೇ ದೊಡ್ಡದು, ತುಕ್ಕುಗೆಂಪಿನ ಮೈ, ಕತ್ತಿನ ಪಕ್ಕಕ್ಕೆ ಎಳೆದ ಕಪ್ಪು ಪಟ್ಟೆ, ಬಾಲದ ತುದಿಯೂ ಕಪ್ಪು. ಹಳ್ಳದ ಏಡಿ ಅದರ ಇಷ್ಟದ ಊಟ. ಸಂಕದ ಕೆಳಗಿನ ಬಂಡೆಯ ಮೇಲೆ ಏಡಿಯ ಚಿಪ್ಪಿನ ಚೂರು ಬೀಳುತ್ತಿದ್ದುದರ ಲೆಕ್ಕ ಈಗ ಸರಿಹೋಯಿತು.

ಹಾಗೆ ಸರಿಹೋದ ಇನ್ನೊಂದು ಲೆಕ್ಕವಿದೆ, ನನ್ನನ್ನು ಬೆರಗಿನಲ್ಲಿ ಮುಳುಗಿಸಿದ್ದು ಅದು. ಸಂಕದ ನಡುಮಧ್ಯೆ ಆಗಾಗ ಬೀಜ ತುಂಬಿದ ಹಿಕ್ಕೆ ಬಿದ್ದಿರುತ್ತಿತ್ತು. ಕಾಲಿಗೆ ಮೆತ್ತಿದವರೆಲ್ಲ ಸಾಕಿದ ಬೆಕ್ಕಿಗೆ ಬೈದುಕೊಂಡೇ ಹಳ್ಳದಲ್ಲಿ ಪಾದ ತೊಳೆಯುತ್ತಿದ್ದರು. ಅಮ್ಮ ಮಾತ್ರ ಒಮ್ಮೆ ಕೋಲಿನಿಂದ ಕೆದಕಿ ನೋಡಿ, “ಇದು ಬೆಕ್ಕಿನ ಕೆಲಸ ಅಲ್ಲ ತಮಾ, ಬೆಕ್ಕು ಬೈನೆ ಹಣ್ಣು ತಿಂತದನಾ?” ಎಂದಿದ್ದಳು. ಕ್ಯಾಮೆರಾ ಅಮ್ಮನ ಮಾತಿಗೆ ಸಾಕ್ಷಿ ಹೇಳಿತು! ಕಬ್ಬೆಕ್ಕು ಸಂಕದ ಮಧ್ಯೆ ನಿಂತು, ಹಿಂಗಾಲು ಬಾಗಿಸಿ, ಆರಾಮವಾಗಿ ತನ್ನ ಗುರುತು ಬಿಟ್ಟು ಹೋದ ಚಿತ್ರ. ಬಿದ್ದ ಮರ, ಬಂಡೆ, ಮರದ ಕೊಂಬೆ ಹೀಗೆ ನೆಲದಿಂದ ಎದ್ದ ಜಾಗಗಳಲ್ಲಿ ಹಿಕ್ಕೆ ಹಾಕುವುದು ಇವುಗಳ ರೂಢಿ. ಹಣ್ಣಿನ ತಿರುಳು ಜೀರ್ಣವಾಗುತ್ತದೆ, ಬೀಜ ಇಡಿಯಾಗಿ ಹೊರಬೀಳುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿ ದಿವ್ಯಾ ಮುದ್ದಪ್ಪ ಕಳಕ್ಕಾಡಿನ ಮಳೆಕಾಡಿನಲ್ಲಿ ಕಂದು ಪುನುಗಿನ ಬೆನ್ನುಹತ್ತಿ ಕಂಡುಕೊಂಡದ್ದೂ ಇದನ್ನೇ. ಮಾಂಸಾಹಾರಿಗಳ ಗಣಕ್ಕೆ ಸೇರಿದ ಈ ಪ್ರಾಣಿಯ ಊಟದಲ್ಲಿ ಬಹುಪಾಲು ಹಣ್ಣು, ಕಾಡಿನ ಮರಗಳ ಬೀಜ ಹರಡುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲು.

ಹಳ್ಳದ ದಂಡೆಗುಂಟ ನಮ್ಮಲ್ಲಿ ಬೈನೆ ಮರಗಳಿವೆ. ಯಾರೂ ನೆಟ್ಟದ್ದಲ್ಲ, ಅಜ್ಜನಿಗೂ ಯಾರು ನೆಟ್ಟರೆಂದು ಗೊತ್ತಿರಲಿಲ್ಲ. ಈಗ ಆ ಸಾಲನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ. ನಮ್ಮ ಹಿತ್ತಿಲಿನ ಒಂದು ಬದಿಯನ್ನು ನೆಟ್ಟು ಬೆಳೆಸಿದವರು ರಾತ್ರಿ ಸಂಕ ದಾಟುವ ಈ ತೋಟಗಾರರೇ ಇದ್ದಾರು!

ಕತ್ತಲಿನ ಪ್ರಾಣಿಯ ಚಿತ್ರ ತೆಗೆಯುವ ಹಂಬಲ ಹೊಸದಲ್ಲ. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲ, ಮುಂದೆ ಸಂಸತ್ ಸದಸ್ಯನಾದವನು, 19ನೇ ಶತಮಾನದ ಕೊನೆಯಲ್ಲಿ ಮಿಶಿಗನ್ ಕಾಡಿನ ಸರೋವರದ ದಂಡೆಯಲ್ಲಿ ತಂತಿ ಕಟ್ಟಿದ. ಜಿಂಕೆಯ ಕಾಲು ತಂತಿಗೆ ತಾಗಿದರೆ ಫ್ಲ್ಯಾಶ್ ಪುಡಿ ಸಿಡಿದು ಚಿತ್ರ. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಒಟ್ಟಿಗೇ ಅಚ್ಚುಹಾಕಿತು. ಜನ ಹುಚ್ಚೆದ್ದು ನೋಡಿದರು. ನಮ್ಮ ದೇಶದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ, ಬಂದೂಕು ಹಿಡಿದವರೇ ತುಂಬಿದ್ದ ಕಾಲದಲ್ಲಿ, ಉತ್ತರದ ಕಾಡುಗಳಲ್ಲಿ ಹುಲಿಯ ದಾರಿಗೆ ತಂತಿ ಕಟ್ಟಿ ಹುಲಿಯಿಂದಲೇ ಹುಲಿಯ ಚಿತ್ರ ತೆಗೆಸಿದ. 1927ರಲ್ಲಿ ಅವನ ಪುಸ್ತಕ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು. ಆ ಹೊಳಹನ್ನು ಗಟ್ಟಿ ಗಣಿತಕ್ಕೆ ಕಟ್ಟಿದ್ದು ನಮ್ಮ ನಾಗರಹೊಳೆಯಲ್ಲಿ! ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪಿನ ಚಿತ್ರಗಳಲ್ಲಿ ಪಟ್ಟೆ ನೋಡಿ ಒಂದೊಂದೇ ಹುಲಿಯನ್ನು ಗುರುತಿಸಿ ಎಣಿಕೆಯ ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 2018ರ ದೇಶವ್ಯಾಪಿ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಲಾಯಿತು, ಬಂದ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಗಿನ್ನೆಸ್ ದಾಖಲೆ ಅದು. ಅದೇ ಉಪಕರಣದ ಪುಟ್ಟ ತಮ್ಮ ಈಗ ನಮ್ಮ ಸಂಕದ ತಲೆಗೆ ಕೂತಿದೆ ಎಂದರೆ ನಂಬುವುದು ಹೇಗೆ!

ಪಟ್ಟೆಯ ಮಾತು ಬಂತಲ್ಲ, ಚಿರತೆಗೂ ಹಾಗೇ. ಮೈಮೇಲಿನ ಚುಕ್ಕೆಯ ಹೂಗಳು ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ, ಒಂದೇ ಚಿರತೆಯ ಎಡಮೈ ಬಲಮೈಗಳೂ ಬೇರೆಬೇರೆ. 2022ರ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳು, ಕರ್ನಾಟಕದಲ್ಲಿ 1,879. ಆ ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಓದುವುದು ಒಂದು. ಕಾರ್ಡು ತೆರೆದಾಗ, ನಾನೇ ಬಚ್ಚಲ ದೀಪ ಆರಿಸಿ ಒಳಗೆ ಹೋಗುತ್ತಿರುವ ಚಿತ್ರ, ಅದರ ಮುಂದಿನ ಚಿತ್ರದಲ್ಲಿ ಅದೇ ದಾರಿಯಲ್ಲಿ ತಲೆ ತಗ್ಗಿಸಿ, ಭುಜದ ಮೂಳೆ ಎದ್ದು ಕಾಣುವಂತೆ ನಡೆದು ಬರುತ್ತಿರುವ ಚಿರತೆ! ಎರಡರ ನಡುವೆ ಕೆಲವೇ ನಿಮಿಷ. ನನ್ನ ಹೆಜ್ಜೆಯ ಬಿಸಿ ಆರಿರಲಿಕ್ಕಿಲ್ಲ. ಅದು ಎಲ್ಲೋ ಕಾಫಿ ಗಿಡದ ಮರೆಯಲ್ಲಿ ಕೂತು ನಾನು ಬಾಗಿಲು ಹಾಕುವುದನ್ನೇ ಕಾದಿತ್ತು. ಹೆದರಿಕೆಯಾಯಿತು ಎನ್ನುವುದು ನಿಜ, ಅಂದಿನಿಂದ ನಾಯಿ ರಾತ್ರಿ ಒಳಗೇ ಮಲಗುತ್ತದೆ, ಕೊಟ್ಟಿಗೆಯ ಬಾಗಿಲು ಮುರಿದಿದ್ದನ್ನು ರಿಪೇರಿ ಮಾಡಿಸಿದೆವು, ನಾವು ಟಾರ್ಚಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಆದರೆ ಹೆದರಿಕೆಗಿಂತ ದೊಡ್ಡದಾಗಿ ಮನಸ್ಸನ್ನು ತುಂಬಿದ್ದು ಬೇರೆ. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಹತ್ತಿರ, ನಮಗೆ ಯಾರಿಗೂ ಕೂದಲೂ ಕೊಂಕದ ಹಾಗೆ ಇಷ್ಟು ಕಾಲ ನಮ್ಮ ಮಗ್ಗುಲಲ್ಲೇ ಬದುಕಿಕೊಂಡಿದೆ. ಎಷ್ಟು ಎಚ್ಚರದಿಂದ, ಎಷ್ಟು ಸಹನೆಯಿಂದ ನಮ್ಮನ್ನು ತಪ್ಪಿಸಿಕೊಂಡು ನಡೆದಿರಬೇಕು!

ಮುಳ್ಳುಹಂದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದರ ಚಿತ್ರಗಳು ನನಗೆ ಆಕಾಶ ನೋಡುವುದನ್ನು ಕಲಿಸಿದವು. ಅವು ಬರುವುದು ಜೋಡಿಯಾಗಿ. ಗಂಡುಹೆಣ್ಣು ಕೂಡಿ ಸಂಸಾರ ನಡೆಸುವ ಪ್ರಾಣಿ ಅದು. ಬಾಳೆಯ ಗಡ್ಡೆ ಅಗೆಯುತ್ತವೆ, ತೆಂಗಿನ ಸಸಿಯ ಬುಡ ಕತ್ತರಿಸುತ್ತವೆ, ಬೆಳೆಗಾರನಿಗೆ ನಷ್ಟವೇ. ಮುಳ್ಳು ಎಂದರೆ ಅದರ ಕೂದಲೇ ಗಟ್ಟಿಯಾದದ್ದು. ಬಾಣದಂತೆ ಎಸೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರಾದರೂ ಅದು ಎಸೆಯುವುದಿಲ್ಲ, ಶತ್ರುವಿಗೆ ಬೆನ್ನು ತಿರುಗಿಸಿ ಹಿಂದುಹಿಂದಕ್ಕೆ ನುಗ್ಗುತ್ತದೆ. ಬಾಲದ ತುದಿಯಲ್ಲಿ ಟೊಳ್ಳು ಮುಳ್ಳುಗಳ ಗೊಂಚಲಿದೆ, ಅಲ್ಲಾಡಿಸಿದರೆ ಗಿಲಕಿಯ ಸದ್ದು. ಹಾಸಿಗೆಯಲ್ಲಿ ಮಲಗಿ ಎಷ್ಟೋ ಸಲ ಕೇಳಿದ್ದ, ಒಣ ಅಡಿಕೆ ಸೋಗೆ ಎಂದುಕೊಂಡಿದ್ದ ಗರಗರ ಸದ್ದಿಗೆ ಈಗ ಒಡೆಯರು ಸಿಕ್ಕರು.

ಚಿತ್ರಗಳನ್ನು ತಿಥಿಯ ಪ್ರಕಾರ ಜೋಡಿಸಿದಾಗ ಕಂಡದ್ದು ಇದು. ಅಮಾವಾಸ್ಯೆಯ ಸುತ್ತಮುತ್ತ ಮುಳ್ಳುಹಂದಿಗಳು ಬಯಲಲ್ಲೇ, ಹಿತ್ತಿಲಿನ ನಡುವೆಯೇ ನಡೆದಾಡುತ್ತವೆ. ಹುಣ್ಣಿಮೆ ಹತ್ತಿರವಾದಂತೆ ಕಾಣೆ! ಬಂದರೂ ಬೇಲಿಯ ನೆರಳು ಹಿಡಿದು, ಚಂದ್ರ ಮರೆಯಾದ ಮೇಲೆ. ಗೋಡೆಯ ಮೇಲಿನ ಪಂಚಾಂಗವನ್ನು ಕಿತ್ತು ತಂದು ಮೇಜಿನ ಮೇಲೆ ಹರಡಿಕೊಂಡು ಕೂತೆ. ಆಮೇಲೆ ಓದುತ್ತ ಹೋದರೆ, ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಇದೇ ಜಾತಿಯ ಮುಳ್ಳುಹಂದಿಗಳನ್ನು ಅಭ್ಯಾಸ ಮಾಡಿದವರು 1988ರಲ್ಲೇ ಬರೆದಿದ್ದಾರೆ. ಬೆಳದಿಂಗಳಲ್ಲಿ ಅವುಗಳ ಓಡಾಟ ತಗ್ಗುತ್ತದೆ. ಮರಳುಗಾಡಿನ ಆ ಮುಳ್ಳುಹಂದಿ, ಇಂಬಳ ಕಚ್ಚುವ ನಮ್ಮ ಮಲೆನಾಡಿನ ಈ ಮುಳ್ಳುಹಂದಿ, ಎರಡಕ್ಕೂ ಅದೇ ಚಂದ್ರ, ಅದೇ ಅಂಜಿಕೆ! ನಮಗೆ ಕವಿತೆ ಹುಟ್ಟಿಸುವ ಬೆಳಕು ಅವಕ್ಕೆ ತಮ್ಮನ್ನು ಬಯಲಿಗೆ ಹಾಕುವ ಬೆಳಕು.

ನೆಲದ ಕ್ಯಾಮೆರಾಕ್ಕೆ ಸಿಗದವರೂ ಇದ್ದಾರೆ. ಹಾರುಬೆಕ್ಕು! ಅದಕ್ಕಾಗಿ ಕಣ್ಣನ್ನೇ ಕ್ಯಾಮೆರಾ ಮಾಡಿಕೊಂಡು ಕೂರಬೇಕು. ಹೆಸರು ಬೆಕ್ಕಾದರೂ ಅದು ದೈತ್ಯ ಅಳಿಲು, ಮೂಗಿನಿಂದ ಬಾಲದ ತುದಿಗೆ ಒಂದು ಮೀಟರಿನ ಆಸುಪಾಸು. ದೀಪ ಹಚ್ಚುವ ಹೊತ್ತು ಕಳೆದು ಸ್ವಲ್ಪದರಲ್ಲೇ ಪೊಟರೆಯಿಂದ ತಲೆ ಹೊರಹಾಕುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಹಿತ್ತಿಲಿನ ಮೆಟ್ಟಿಲ ಮೇಲೆ ಮನೆಮಂದಿಯೆಲ್ಲ ಉಸಿರು ಹಿಡಿದು ಕೂತಿದ್ದೆವು. ಕಾಂಡದ ಮೇಲೆ ಎರಡು ಕೆಂಡದಂಥ ಕಣ್ಣು ಸರಸರ ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಿತು, ಮತ್ತೆ ಏನು ಹೇಳಲಿ, ಮುಂಗಾಲು ಹಿಂಗಾಲುಗಳ ನಡುವಿನ ಚರ್ಮ ಬಿಚ್ಚಿಕೊಂಡು ಆ ಇಡೀ ಪ್ರಾಣಿ ನಮ್ಮ ಹಂಚಿನ ಮಾಡಿನ ಮೇಲಿಂದ ತೇಲಿ ಹೋಗಿ ಆಚೆಯ ಮಾವಿನ ಮರಕ್ಕೆ ಅಂಟಿಕೊಂಡಿತು! ರೆಕ್ಕೆ ಬಡಿತವಿಲ್ಲ, ಸದ್ದಿಲ್ಲ. ಎಲ್ಲರಿಗಿಂತ ಚಿಕ್ಕವಳು, ತಂಗಿಯ ಮಗಳು, ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟಳು. ಕ್ಯಾಮೆರಾ ತೊಡೆಯ ಮೇಲೇ ಇತ್ತು, ಎತ್ತಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಎಲ್ಲವೂ ಚಿತ್ರವಾಗಬೇಕು ಎಂಬ ಹಟ ಈ ಹವ್ಯಾಸಕ್ಕೆ ಒಳ್ಳೆಯದಲ್ಲ ಎಂದು ನನ್ನ ಅನಿಸಿಕೆ. ಚಿತ್ರ ಸಿಗಲೆಂದು ಕೋಳಿ ಕಟ್ಟುವುದು, ಹಣ್ಣಿನ ರಾಶಿ ಸುರಿಯುವುದು, ಕಣ್ಣಿಗೆ ಬಿಳಿ ಬೆಳಕು ಹೊಡೆಯುವುದು, ಇವನ್ನು ನಾವು ಮಾಡುವುದಿಲ್ಲ. ತಾವಾಗಿ ನಡೆದು ಬರುವವರನ್ನು ನೋಡುವುದರಲ್ಲಿರುವ ರೋಮಾಂಚನ ಕರೆಸಿಕೊಂಡವರನ್ನು ನೋಡುವುದರಲ್ಲಿಲ್ಲ.

ಇನ್ನೊಂದು ಚಿತ್ರವನ್ನು ಹೇಳದೆ ಇರಲಾರೆ. ಕುತ್ತಿಗೆಗೆ ತಂತಿಯ ತುಂಡು ಸಿಕ್ಕಿಕೊಂಡ ಪುನುಗಿನ ಬೆಕ್ಕು, ಉರುಳಿನಿಂದ ಹೇಗೋ ಹರಿದುಕೊಂಡು ಬಂದದ್ದು. ಎಲ್ಲೋ ಬೇಲಿಯ ಸಂದಿಯಲ್ಲಿ, ಮೊಲಕ್ಕೋ ಬರ್ಕಕ್ಕೋ ಇಟ್ಟ ಉರುಳು. ಚಿತ್ರ ನೋಡಿ ಅಮ್ಮ ಊಟ ಬಿಟ್ಟು ಎದ್ದಳು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉರುಳು ಇಡುವುದು ಅಪರಾಧ, ಆದರೆ ಕಾಯ್ದೆಗಿಂತ ಮೊದಲು ಕೆಲಸ ಮಾಡಿದ್ದು ಆ ಚಿತ್ರ. ಊರಿನ ಕೆಲವರಿಗೆ ಅದನ್ನು ಮೊಬೈಲಿನಲ್ಲಿ ತೋರಿಸಿದೆವು. ಯಾರನ್ನೂ ದೂರಲಿಲ್ಲ, ಬರೀ ತೋರಿಸಿದೆವು. ಮಾರನೆಯ ವಾರದಿಂದ ಹುಡುಗರ ಒಂದು ಗುಂಪು ಬೇಲಿ ಸಾಲು, ಧರೆಯ ಅಂಚು ಹುಡುಕಿ ಉರುಳು ಕಿತ್ತು ತರತೊಡಗಿತು. ಚಿಪ್ಪುಹಂದಿಯ ಚಿತ್ರವೇನಾದರೂ ಸಿಕ್ಕರೆ ಅದರ ಜಾಗ ಯಾರಿಗೂ ಹೇಳಕೂಡದೆಂದು ಆ ಹುಡುಗರಲ್ಲೇ ಒಪ್ಪಂದವಾಗಿದೆ. ಅದರ ಚಿಪ್ಪಿಗೆ ಹೊರಗೆ ಎಂಥ ಕಳ್ಳಪೇಟೆಯಿದೆ ಎಂಬುದು ಅವರಿಗೆ ಗೊತ್ತು.

ಆ ಗುಂಪಿನ ಇಬ್ಬರು ತಮ್ಮ ಹಿತ್ತಿಲಿಗೂ ಒಂದೊಂದು ಕ್ಯಾಮೆರಾ ಕಟ್ಟಿದ್ದಾರೆ. ಮೊನ್ನೆ ಮೂರೂ ಮನೆಯ ಚಿತ್ರಗಳನ್ನು ಒಂದೇ ಜಗಲಿಯ ಮೇಲೆ ಹರಡಿ ಕೂತೆವು. ಬಾಲದ ತುದಿ ಕಡಿದು ಹೋದ ಒಂದು ಕಬ್ಬೆಕ್ಕು ನಮ್ಮ ಸಂಕದಲ್ಲೂ ಇದೆ, ಹಳ್ಳದ ಮೇಲ್ಗಡೆಯ ಮನೆಯ ಪೇರಲೆ ಮರದಲ್ಲೂ ಇದೆ, ಅದೂ ಒಂದೇ ರಾತ್ರಿ! ಹುಡುಗನೊಬ್ಬ ಹಳೆಯ ನೋಟ್‌ಪುಸ್ತಕದ ಹಾಳೆಯಲ್ಲಿ ಮೂರು ಮನೆ, ಹಳ್ಳ, ಸಂಕಗಳನ್ನು ಬರೆದು ಅದರ ದಾರಿಗೆ ಗೆರೆ ಎಳೆಯತೊಡಗಿದ. ಗೆರೆ ನಮ್ಮ ಯಾವ ಬೇಲಿಯನ್ನೂ ಲೆಕ್ಕಕ್ಕಿಟ್ಟಿಲ್ಲ. ಪೇರಲೆಯಿಂದ ಹೊರಟು ಗೊಬ್ಬರಗುಂಡಿಯ ಪಕ್ಕದಲ್ಲಿ ಇಳಿದು, ನಮ್ಮ ಸಂಕ ದಾಟಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ನಿಂತಿದೆ. ಅಲ್ಲಿಂದ ಮುಂದೆ ಎಲ್ಲಿಗೆ? ಬೆಟ್ಟದಲ್ಲಿ ಒಂದು ದೊಡ್ಡ ಬೈನೆ ಮರ ಹಣ್ಣಾಗುತ್ತಿದೆ ಎಂದು ದರಕು ತರಲು ಹೋದವರು ಹೇಳಿದ್ದಾರೆ. ಸೆಲ್ಲು ಬದಲಾಯಿಸಿಯಾಗಿದೆ, ಪಟ್ಟಿ, ಕತ್ತಿ, ಇಂಬಳಕ್ಕೆ ಸುಣ್ಣ ಎಲ್ಲ ಚೀಲಕ್ಕೆ ಬಿದ್ದಿದೆ. ನಾಳೆ ಬೆಳಗ್ಗೆ ಹಾಲು ಕರೆದಾದ ಕೂಡಲೇ ನಾವು ನಾಲ್ವರು ಆ ಮರ ಹುಡುಕಿಕೊಂಡು ಹೊರಡುತ್ತಿದ್ದೇವೆ.